ಕೊಟ್ರಬಸನ ನಿಧಾನದ ಪ್ಯಾಕೇಜು

ಬನ್ನಿ, ಕೂತ್ಕೊಳ್ಳಿ. ಪೆದ್ದನ ಕತೆ ಅಂದರೆ ಎಲ್ಲರಿಗೂ ನಗು. ನಾನೂ ನಗ್ತಾನೇ ಶುರು ಮಾಡ್ತೀನಿ, ಎಲ್ಲಿವರೆಗೆ ನಗೋಕಾಗುತ್ತೋ ನೋಡೋಣ.

ಕೊಟ್ಟೂರಿನಲ್ಲಿ ಹಂಪವ್ವ ಅಂತ ಒಬ್ಬ ತಾಯಿ. ಅವಳಿಗೆ ಒಬ್ಬನೇ ಮಗ, ಕೊಟ್ರಬಸ. ವಯಸ್ಸು ಮೂವತ್ತೆಂಟು. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ನಾನು ಬರೋತನಕ ಒಲೆ ಮುಂದೆ ಕೂತಿರು ಅಂದರೆ, ಅವ್ವ ತವರಿಗೆ ಹೋಗಿ ಮೂರು ದಿನ ಬಿಟ್ಟು ಬಂದರೂ ಒಲೆ ಮುಂದೆಯೇ ಕೂತಿರೋನು. ಬೀದಿಯವರು ಇವನ ಜತೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ನಾ ಹೋದಮ್ಯಾಲೆ ಇವನ ಕೂಡ ಮಾತಾಡೋರು ಯಾರು ಅಂತ ಹಂಪವ್ವನಿಗೆ ಅದೇ ಕೊರಗು.

ಅವನಿಗೆ ಬರ್ತಿದ್ದದ್ದು ಒಂದೇ, ಕಂಪ್ಯೂಟರು. ಬರೆಯೋರಿಗಾಗಿ ಯಾರೋ ಹತ್ತಾರು ಜನ ಸೇರಿ ಒಂದು ದೊಡ್ಡ ತಂತ್ರಾಂಶ ಮಾಡಿ ಪುಕ್ಕಟೆ ಬಿಟ್ಟಿದ್ದರು. ಅದಕ್ಕೆ ಜೋಡಿಸಿಕೊಳ್ಳೋ ಒಂದು ಚಿಕ್ಕ ಪ್ಯಾಕೇಜು ಇವನದು. ಕನ್ನಡ ತಪ್ಪು ಬರೆದರೆ ಕೆಳಗೆ ಕೆಂಪು ಗೆರೆ ಎಳೆಯುತ್ತೆ, ಅಷ್ಟೇ. ಅದನ್ನು ಬಳಸೋರಲ್ಲಿ ಇವನಿಗೆ ಮೇಲ್ ಬರೆಯುತ್ತಿದ್ದವರು ಒಬ್ಬರೇ, ಕುಮಟೆಯ ವತ್ಸಲಕ್ಕ. ನಿವೃತ್ತ ನರ್ಸು, ಗಂಡ ತೀರಿಕೊಂಡಿದ್ದರು. ತಮ್ಮ ಬದುಕಿನ ಕತೆ ಬರೀತಾ ನಾನೂರು ಪುಟ ದಾಟಿದ್ದರು. ದಿನಕ್ಕೊಂದು ಮೇಲ್. ಅವ್ವನ ಬಿಟ್ಟರೆ ಕೊಟ್ರಬಸನ ಜತೆ ಮಾತಾಡೋರು ಈ ಲೋಕದಲ್ಲಿ ಅವರೊಬ್ಬರೇ.

ಒಂದು ದಿನ ವತ್ಸಲಕ್ಕ ಬರೆದರು, "ತಮ್ಮಾ, ನಿನ್ನ ಪ್ಯಾಕೇಜು ಬಹಳ ನಿಧಾನ. ಒಂದಕ್ಷರ ಒತ್ತಿ, ಬಟ್ಟೆ ಒಣಗಿಸಿ ಬಂದರೂ ಅದು ಇನ್ನೂ ಯೋಚನೆ ಮಾಡ್ತಾ ಇರ್ತದೆ. ಸರಿಮಾಡು, ಇಲ್ಲಾಂದ್ರೆ ನಾನು ಬೇರೆ ಹಾಕ್ಕೊಳ್ಳಬೇಕಾಗ್ತದೆ."

ಕೊಟ್ರಬಸ ಗಾಬರಿಬಿದ್ದ. ಬೇರೆ ಹಾಕ್ಕೊಂಡರೆ ವತ್ಸಲಕ್ಕ ಇವನಿಗೆ ಯಾಕೆ ಬರೀತಾರೆ? ತಪ್ಪು ಇವನದೂ ಅಲ್ಲ. ಯಾವ ಸಾಲು ಬದಲಾಯಿತು ಅಂತ ದೊಡ್ಡ ತಂತ್ರಾಂಶ ಇವನ ಪ್ಯಾಕೇಜಿಗೆ ಹೇಳುತ್ತಲೇ ಇರಲಿಲ್ಲ. ಪಾಪ ಪ್ಯಾಕೇಜು, ಒಂದಕ್ಷರ ಬಿದ್ದರೂ ನಾನೂರು ಪುಟ ಮೊದಲಿಂದ ಓದಬೇಕು. ಅದನ್ನು ಸರಿಮಾಡೋದು ಆ ದೊಡ್ಡ ತಂತ್ರಾಂಶ ಮಾಡಿದ ಮೂಲದವರ ಕೈಯಲ್ಲೇ ಇತ್ತು. ಅವರ ಪೈಕಿ ಕನ್ನಡ ಬಲ್ಲವರು ಮಂಗಳೂರಿನ ಫ್ಲೇವಿಯಾ. ಕೊಟ್ರಬಸ ಅವರಿಗೆ ಕೋರಿಕೆ ಹಾಕಿದ, "ಬಹಳ ನಿಧಾನ. ಸರಿಮಾಡಿಕೊಡಿ."

"ಬಹಳ ಅಂದ್ರೆ ಎಷ್ಟು ಮಾರಾಯ್ರೇ?" ಅಂದರು ಫ್ಲೇವಿಯಾ. "ಯಾರು ಏನೇ ತೊಂದರೆ ಹೇಳಿದ್ರೂ ಮೊದಲು ಅಳೀಬೇಕು. ಅಂದಾಜಿನ ಮಾತು ಬೇಡ."

ಆಯ್ತು ಅಂದ. ಅವತ್ತೇ ವತ್ಸಲಕ್ಕನ ಮೇಲ್ ಬಂತು, ಇವತ್ತು ನಮ್ಮವರ ತಿಥಿ, ತುಂಬಾ ಬೇಜಾರು ಅಂತ. ಕೊಟ್ರಬಸ ಬರೆದ, "ತುಂಬಾ ಅಂದರೆ ಎಷ್ಟು? ಅಳೆದು ಹೇಳಿ."

ವತ್ಸಲಕ್ಕ ಒಳ್ಳೆಯವರು. ಅಳೆದೇ ಹೇಳಿದರು, "ಮಧ್ಯಾಹ್ನ ಊಟದಿಂದ ದೀಪ ಹಚ್ಚೋವರೆಗೆ."

ಹಂಪವ್ವ ಹಣೆ ಬಡಿದುಕೊಂಡಳು. "ಬ್ಯಾಸರಾದೋರಿಗೆ ಅಳತಿ ಕೇಳ್ತಾರೇನಲೇ? ಮೊದಲಿಂದ ಕಡೀತನಕ ಎಲ್ಲಾ ಇರಲಿ, ಏನೂ ಬಿಡಬ್ಯಾಡ್ರಿ ಅನ್ನಬೇಕು."

ಆಯ್ತು ಅಂದ. ಏನೂ ಬಿಡಬಾರದು ಅಂತ ಫ್ಲೇವಿಯಾಗೆ ಹೊಸ ಕೋರಿಕೆ ಹಾಕಿದ. ಅದರಲ್ಲಿ ಏನೇನಿತ್ತು ಕೇಳಿ. ಪ್ಯಾಕೇಜಿನ ಎಲ್ಲಾ ಸಾಲುಗಳು, ಅದು ಹುಟ್ಟಿದ ಕತೆ, ಇವನು ಹುಟ್ಟಿದ ಕತೆ, ಅವ್ವನ ಮಂಡಿನೋವು.

"ಇಷ್ಟು ಯಾರು ಓದ್ತಾರೆ?" ಅಂದರು ಫ್ಲೇವಿಯಾ. "ನಾವೆಲ್ಲ ಮನೆ ಕೆಲಸ ಮುಗಿಸಿ ಪುಕ್ಕಟೆ ಮಾಡುವವರು. ಬೇಡದ್ದೆಲ್ಲ ಕಿತ್ತು ಹಾಕಿ. ತೊಂದರೆ ಕಾಣುವಷ್ಟು ಅತಿ ಚಿಕ್ಕ ತುಂಡು ಮಾತ್ರ ಇರಬೇಕು."

ಆಯ್ತು ಅಂದ. ಕೋರಿಕೆಯನ್ನು ಕಿತ್ತು ಕಿತ್ತು ಆರು ಸಾಲಿಗೆ ತಂದ. ಅದು ಸರಿಯಾಗೇ ಇತ್ತು, ಫ್ಲೇವಿಯಾ ಮೆಚ್ಚಿದರು. ಅಲ್ಲಿಗೇ ನಿಲ್ಲಿಸಬಾರದಿತ್ತೇ ಈ ಪುಣ್ಯಾತ್ಮ? ಅದೇ ವಾರ ವತ್ಸಲಕ್ಕ, ಗಂಡನ ಕೊನೆ ದಿನಗಳ ಅಧ್ಯಾಯ, ಹದಿನೆಂಟು ಪುಟ, ಯಾರಿಗೂ ತೋರಿಸದ್ದು, ಓದಿ ನೋಡು ತಮ್ಮಾ ಅಂತ ಕಳಿಸಿದರು. ಕೊಟ್ರಬಸ ಮೂರು ದಿನ ಕೂತು ಕಿತ್ತ. ವಾಪಸ್ ಕಳಿಸಿದ್ದು ಇಷ್ಟು: "ಜ್ವರ ಬಂತು. ಹೋದರು." ಕೆಳಗೆ ಒಂದು ಒಕ್ಕಣೆ: "ತೊಂದರೆ ಇಷ್ಟರಲ್ಲೇ ಕಾಣುತ್ತದೆ."

ವಾರದವರೆಗೆ ವತ್ಸಲಕ್ಕನಿಂದ ಮೇಲ್ ಇಲ್ಲ. ಕೊಟ್ರಬಸ ಅನ್ನ ಬಿಟ್ಟ. ಹಂಪವ್ವ ವಿಷಯ ತಿಳಿದು ಅತ್ತಳು. "ಯಾರಾರ ದುಃಖ ಹೇಳ್ಕೆಂಡ್ರ ಕತ್ರಿ ಹಿಡೀತಾರೇನಲೇ? ನನಗೂ ಹಂಗಾ ಆಗೇತಿ ಅನ್ನಬೇಕು. ಆ ಒಂದು ಮಾತು ಸಾಕು."

ಆಯ್ತು ಅಂದ. ವತ್ಸಲಕ್ಕನಿಗೆ ಬರೆದ, ನನಗೂ ಹಾಗೇ ಆಗಿದೆ. ಅದು ನಿಜವೇ ಆಗಿತ್ತು, ಈ ವಾರವೆಲ್ಲ ಅವನಿಗೂ ಹಾಗೇ ಆಗಿತ್ತು. ವತ್ಸಲಕ್ಕ ಕರಗಿ ಮತ್ತೆ ಬರೆದರು.

ಆದರೆ ಕೊಟ್ರಬಸ ಮೂಲದವರ ಜಾಲಪುಟಕ್ಕೂ ಹೋದ. ಅಲ್ಲಿ ಬೇರೆ ಬೇರೆ ಪ್ಯಾಕೇಜಿನವರು ತಮ್ಮ ತಮ್ಮ ತೊಂದರೆ ಹೇಳಿಕೊಂಡಿದ್ದರು. ಒಂದೊಂದರ ಕೆಳಗೂ ಬರೆದ, ನನಗೂ ಹಾಗೇ ಆಗಿದೆ. ನೂರಾ ಹನ್ನೆರಡು ಕಡೆ ಬರೆದ. ಅಲ್ಲಿ ಯಾರು ಏನು ಬರೆದರೂ ಫ್ಲೇವಿಯಾಗೆ ಒಂದು ಮೇಲ್ ಹೋಗುತ್ತೆ, ನೂರಾ ಹನ್ನೆರಡು ಮೇಲ್ ಹೋದವು.

ಫ್ಲೇವಿಯಾ ಬರೆದರು, "ನೀವು ಕೇಳಿದ್ದನ್ನು ಮಾಡಿಕೊಟ್ಟಿದ್ದೇವೆ. ಇನ್ನು ಮೇಲೆ ಬದಲಾದ ಸಾಲನ್ನು ಮಾತ್ರ ನಿಮ್ಮ ಪ್ಯಾಕೇಜಿಗೆ ಹೇಳ್ತೇವೆ, ಏನೂ ಬದಲಾಗದಿದ್ರೆ ಏನೂ ಹೇಳೋದಿಲ್ಲ. ದಯವಿಟ್ಟು ನೀವೂ ಹಾಗೇ ಇರಿ. ಏನಾದ್ರೂ ಬದಲಾದ್ರೆ ಬರೀರಿ, ಇಲ್ಲಾಂದ್ರೆ ಸುಮ್ಮನಿರಿ."

ಆಯ್ತು ಅಂದ.

ಪ್ಯಾಕೇಜು ಈಗ ಕಣ್ಣು ಮಿಟುಕಿಸೋದರೊಳಗೆ ಗೆರೆ ಎಳೀತು. ವತ್ಸಲಕ್ಕ ಹಿಗ್ಗಿ ಬರೆದರು, "ತಮ್ಮಾ, ಗೆದ್ದೆ ನೀನು. ಹ್ಯಾಗಿದ್ದೀಯಾ?"

ಕೊಟ್ರಬಸ ಯೋಚಿಸಿದ. ನಿನ್ನೆ ಹೇಗಿದ್ದನೋ ಇವತ್ತೂ ಹಾಗೇ. ಸುಮ್ಮನಿದ್ದ.

ಮರುದಿನ ಬರೆದರು, "ಊಟ ಆಯ್ತಾ?" ನಿನ್ನೆಯೂ ಆಗಿತ್ತು, ಇವತ್ತೂ ಆಗಿದೆ. ಸುಮ್ಮನಿದ್ದ.

"ಸಿಟ್ಟಾ ತಮ್ಮಾ?" ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಸುಮ್ಮನಿದ್ದ.

ಹಂಪವ್ವ ಕೇಳಿದಳು, "ಯಾಕಲೇ ಬಾಯಿ ಕಟ್ಟೇತಿ?" ಅದಕ್ಕೂ ಸುಮ್ಮನಿದ್ದ. ಮನೆಯಲ್ಲಿ ರೊಟ್ಟಿ ಬಡಿಯೋ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಎರಡು ತಿಂಗಳಾಯಿತು. ಈ ಪ್ಯಾಕೇಜುಗಳ ಲೋಕದಲ್ಲಿ ಒಂದು ರೂಢಿ ಇದೆ. ಪ್ಯಾಕೇಜಿನವನು ಕೇಳಿದ್ದಕ್ಕೆ ಉತ್ತರ ಕೊಡದೆ ತಿಂಗಳುಗಟ್ಟಲೆ ಸುಮ್ಮನಿದ್ದರೆ, ಅವನು ಬಿಟ್ಟುಹೋದ ಅಂತ ಲೆಕ್ಕ. ನೋಡಿಕೊಳ್ಳೋರಿಲ್ಲದ್ದನ್ನು ಯಾರೂ ಇಟ್ಟುಕೊಳ್ಳೋದಿಲ್ಲ. ವತ್ಸಲಕ್ಕನ ಕೊನೆ ಮೇಲ್ ಬಂತು, "ನಿನಗೆ ಏನಾಯ್ತೋ ಗೊತ್ತಿಲ್ಲ ತಮ್ಮಾ. ಕೇಳೋಕೆ ನಿನ್ನ ಮನೆಯವರ ನಂಬರೂ ಇಲ್ಲ. ಇವತ್ತು ನಿನ್ನ ಪ್ಯಾಕೇಜು ತೆಗೆದು ಬೇರೆ ಹಾಕ್ಕೊಂಡೆ. ಕೈ ಬರಲಿಲ್ಲ, ಆದ್ರೂ ತೆಗೆದೆ. ಇನ್ನು ಬರೆಯೋದಿಲ್ಲ. ಎಲ್ಲೇ ಇದ್ರೂ ಚೆನ್ನಾಗಿರು."

ಕೊಟ್ರಬಸ ಎದ್ದು ಕೂತ. ಅಂತೂ ಬದಲಾಯಿತು. ಇನ್ನು ಮಾತಾಡಬಹುದು. ಎರಡು ತಿಂಗಳ ಮೇಲೆ ಮೊದಲ ಸಲ ಉತ್ತರ ಬರೆದ, "ಬದಲಾವಣೆ ತಿಳಿಯಿತು. ತಡವಾಗದೆ ತಿಳಿಯಿತು. ಈಗ ಏನೂ ನಿಧಾನವಿಲ್ಲ." ಬರೆದು, ಕೈ ಕಟ್ಟಿಕೊಂಡು ಕಾದ.

ಆ ಮೇಲ್ ನೋಡಿ ವತ್ಸಲಕ್ಕ ಏನಂದುಕೊಂಡರೋ, ಮತ್ತೆ ಬರೆಯಲಿಲ್ಲ. ಒಂದು ದಿನ ಹೋಯಿತು, ಹತ್ತು ದಿನ ಹೋದವು, ತಿಂಗಳು ಹೋಯಿತು.

"ಆ ಕುಮಟೀ ಅಕ್ಕ ಬರೆದರೇನಲೇ?" ಅಂತ ಹಂಪವ್ವ ಮೆಲ್ಲಗೆ ಕೇಳಿದಳು.

"ಇಲ್ಲ ಯವ್ವಾ," ಅಂದ ಕೊಟ್ರಬಸ. ಮುಖದಲ್ಲಿ ದೊಡ್ಡ ನೆಮ್ಮದಿ. "ಆರಾಮದಾರ. ಏನೂ ಬದಲಾಗಿಲ್ಲ ಅವ್ರಿಗೆ, ಬದಲಾಗಿದ್ರ ಬರೀತಿದ್ರು."