ಎಂಟು ಮೊಳಕ್ಕೆ ಒಂದು ಮೊಳ

ಒಂದಾನೊಂದು ಕಾಲದಲ್ಲಿ, ಬಂಡೆಗಳ ನಡುವಿನ ಒಂದು ಕೋಟೆಯೂರಲ್ಲಿ, ಕಲ್ಲು ಕಟ್ಟುವವರ ಮನೆಯೊಂದಿತ್ತಂತೆ. ಅಪ್ಪ ಕೋಟೆಗೆ ಮೇಸ್ತ್ರಿ. ಮೂವರು ಗಂಡುಮಕ್ಕಳು. ದೊಡ್ಡವನು ಭರಮಣ್ಣ, ನಡುವಿನವನು ಓಬಯ್ಯ, ಕಿರಿಯವನು ತಿಪ್ಪೇಶಿ. ಅಪ್ಪ ಹಾಸಿಗೆ ಹಿಡಿದಾಗ ಭರಮಣ್ಣ ಬೆಳಗಿಂದ ಸಂಜೆವರೆಗೆ ಕಲ್ಲು ಒಡೆದು ಮನೆ ನಡೆಸಿದನಂತೆ, ತಿಪ್ಪೇಶಿ ಅಪ್ಪನ ಕಾಲು ಒತ್ತುತ್ತಾ ಪಕ್ಕದಲ್ಲೇ ಕೂತನಂತೆ. ಆಮೇಲೆ ಒಂದು ದಿನ ಅಪ್ಪ ಹೋಗಿಬಿಟ್ಟನಂತೆ. ಕೊನೆಯ ಮಾತೆಲ್ಲ ಇವನಿಗೇ ಸಿಕ್ಕಿತು, ನನಗೆ ಕಲ್ಲಿನ ಪುಡಿ ಸಿಕ್ಕಿತು ಅಂತ ಭರಮಣ್ಣನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತಂತೆ. ತಮ್ಮ ಬಾಯಿ ತೆರೆದರೆ ಸಾಕು, ನೀನು ಸುಮ್ಮನಿರೋ ಅಂತ ಗದರುವುದು.

ಆ ಊರ ದೊರೆಯ ಹತ್ತಿರ ಸಿರಿಯವ್ವ ಅಂತ ಒಂದು ಮುದಿ ಆನೆ ಇದ್ದಳಂತೆ. ಮಂಡಿನೋವು ಬಂದು ಮೆಟ್ಟಿಲು ಹತ್ತಲಾರದೆ ಕೋಟೆಯ ಹೊರಗೇ ಉಳಿದಿದ್ದಳು, ಒಳಗಿನ ಹೊಂಡದಲ್ಲಿ ಮೀಯದೆ ಸೊರಗಿದ್ದಳು. ದೊರೆ ಮೂವರನ್ನೂ ಕರೆಸಿ, ಕೋಟೆಗೆ ಮೂರು ಬಾಗಿಲು, ಮೂರೂ ನೆಲದಿಂದ ಎತ್ತರದಲ್ಲಿವೆ, ಒಬ್ಬೊಬ್ಬರು ಒಂದೊಂದು ಬಾಗಿಲಿಗೆ ಕಲ್ಲಿನ ಇಳಿಜಾರು ಕಟ್ಟಿ, ಯಾರದನ್ನು ಸಿರಿಯವ್ವ ಹತ್ತುತ್ತಾಳೋ ಅವನೇ ಅಪ್ಪನ ಜಾಗಕ್ಕೆ ಮೇಸ್ತ್ರಿ ಅಂದನಂತೆ.

ಮೂಡಣ ಬಾಗಿಲು ಆರು ಮೊಳ ಎತ್ತರ, ತೆಂಕಣದ್ದು ಒಂಬತ್ತು, ಪಡುವಣದ್ದು ಹದಿನೈದು. ಹಿರಿಯ ನಾನು, ಮೊದಲು ನಾನು ಆರಿಸ್ತೀನಿ ಅಂತ ಭರಮಣ್ಣ ಆರು ಮೊಳದ್ದನ್ನು ಹಿಡಿದುಕೊಂಡನಂತೆ. ತಿಪ್ಪೇಶಿಗೆ ಉಳಿದದ್ದು ಹದಿನೈದು ಮೊಳದ್ದು. ಒದ್ದಾಡಲಿ ಬಿಡು ಅಂತ ಭರಮಣ್ಣ ಒಳಗೊಳಗೇ ನಕ್ಕನಂತೆ.

ಆಮೇಲೆ ಮೂರು ತಿಂಗಳು ಕಟ್ಟಿದರು, ಆಮೇಲೆ ಸಿರಿಯವ್ವ ಬಂದಳು. ಭರಮಣ್ಣನ ಇಳಿಜಾರಿನ ಮೇಲೆ ಎರಡು ಹೆಜ್ಜೆ ಇಟ್ಟು, ಬುಸ್ ಅಂತ ಉಸಿರು ಬಿಟ್ಟು, ಹಿಂದೆ ಸರಿದಳಂತೆ. ಓಬಯ್ಯನದನ್ನು ಅರ್ಧ ಹತ್ತಿ ಇಳಿದುಬಿಟ್ಟಳಂತೆ. ಓಬಯ್ಯ ಮಾವುತನಿಗೆ, ಹೋಗಲಿ ಬಿಡಪ್ಪ, ನಿನಗೂ ಹಸಿವು ನನಗೂ ಹಸಿವು ಅಂತ ಹೇಳಿ ಊಟಕ್ಕೆ ಹೊರಟೇಬಿಟ್ಟನಂತೆ. ಮೂರನೆಯದು ತಿಪ್ಪೇಶಿಯದು. ಸಿರಿಯವ್ವ ಕಿವಿ ಬೀಸುತ್ತಾ ನಿಧಾನಕ್ಕೆ ಹತ್ತಿದಳು, ಹತ್ತಿದಳು, ಹದಿನೈದು ಮೊಳವೂ ಹತ್ತಿ ಸೀದಾ ಹೊಂಡಕ್ಕೆ ಇಳಿದಳಂತೆ.

ಭರಮಣ್ಣನಿಗೆ ಮೈಯೆಲ್ಲ ಉರಿಯಿತಂತೆ. ಆರು ಮೊಳ ಹತ್ತದವಳು ಹದಿನೈದು ಹತ್ತುತ್ತಾಳಾ? ಬೆಲ್ಲ ತಿನ್ನಿಸಿದ್ದೀಯೇನೋ ಕಳ್ಳ? ಅಂತ ತಮ್ಮನನ್ನು ಬೈದು, ದೊರೆಯ ಮುಂದೆ ನಿಂತು, ಬುದ್ಧೀ, ಇದರಲ್ಲಿ ಮೋಸ ಇದೆ, ಎಲ್ಲೋ ಒಂದು ಕಡೆ ಕಡಿದಾಗಿ ಕಟ್ಟಿದ್ದಾನೆ, ನಾಳೆ ಆನೆ ಜಾರಿ ಬೀಳ್ತದೆ ಅಂದನಂತೆ. ದೊರೆ, ಆ ಜಾಗ ತೋರಿಸು, ತೋರಿಸಿದರೆ ನೀನೇ ಮೇಸ್ತ್ರಿ ಅಂದನಂತೆ.

ಆಮೇಲೆ ಭರಮಣ್ಣ ಹಗ್ಗ, ಗೂಟ, ನೆಟ್ಟಗಿದೆಯಾ ನೋಡಲಿಕ್ಕೆ ಗುಂಡುದಾರ, ಮಟ್ಟ ನೋಡಲಿಕ್ಕೆ ನೀರಿನ ಬಟ್ಟಲು ಹಿಡಿದು ಅಳೆಯಲಿಕ್ಕೆ ಹೋದನಂತೆ. ಕೆಳಗಡೆ ಹಗ್ಗವನ್ನು ಮಟ್ಟವಾಗಿ ಎಳೆದು ನೋಡಿದ. ಎಂಟು ಮೊಳ ಮುಂದೆ ಹೋದರೆ ಒಂದು ಮೊಳ ಏರು. ಇಲ್ಲಿ ಸರಿಯಿದೆ, ಮಧ್ಯದಲ್ಲಿ ಸಿಕ್ಕಿಬೀಳ್ತಾನೆ ಅಂದುಕೊಂಡ. ಮಧ್ಯದಲ್ಲಿ ಹದಿನಾರು ಮೊಳ ಮುಂದೆ, ಎರಡು ಮೊಳ ಏರು. ಹದಿನಾರನ್ನು ಎರಡು ಪಾಲು ಮಾಡಿದರೆ ಮತ್ತೆ ಎಂಟೇ. ಬಾಗಿಲ ಹತ್ತಿರ ಇಪ್ಪತ್ತನಾಲ್ಕು ಮುಂದೆ, ಮೂರು ಏರು. ನಿದ್ದೆ ಬಂತೇನೇ ಮಗಳೇ? ಇಪ್ಪತ್ತನಾಲ್ಕನ್ನು ಮೂರು ಪಾಲು ಮಾಡು ನೋಡೋಣ. ಹೂಂ, ಎಂಟೇ. ಎಲ್ಲಿ ಅಳೆದರೂ ಅದೇ, ಎಷ್ಟುದ್ದ ಅಳೆದರೂ ಅದೇ. ನೆಟ್ಟಗಿರುವ ಇಳಿಜಾರು ಒಂದೊಂದು ಕಡೆ ಒಂದೊಂದು ಮಾತಾಡುವುದಿಲ್ಲವಂತೆ.

ಆಮೇಲೆ ಅವನು ತನ್ನದನ್ನೇ ಅಳೆದನಂತೆ. ಏರು ಆರು ಮೊಳ, ಮುಂದೆ ಹೋದದ್ದು ಬರೀ ಇಪ್ಪತ್ತನಾಲ್ಕು. ಅದರಾಚೆ ಕಂದಕ, ಅದಕ್ಕೇ ಅಲ್ಲಿಗೇ ನಿಲ್ಲಿಸಿದ್ದ. ಅಂದರೆ ನಾಲ್ಕು ಮೊಳಕ್ಕೇ ಒಂದು ಮೊಳ ಏರು. ಗಿಡ್ಡದ್ದು ಅಂತ ಆರಿಸಿಕೊಂಡದ್ದು ತಮ್ಮನದಕ್ಕಿಂತ ಎರಡರಷ್ಟು ಕಡಿದು! ಎತ್ತರ ನೋಡಿದ್ದ, ಎಷ್ಟು ದೂರ ಹೋಗಿ ಆ ಎತ್ತರ ಸಿಕ್ಕಿತು ಅಂತ ನೋಡಿರಲಿಲ್ಲ.

ಅಷ್ಟರಲ್ಲಿ ತಿಪ್ಪೇಶಿ ಬಂದು ಅಣ್ಣಾ ಅಂದನಂತೆ. ಈ ಸಲ ಭರಮಣ್ಣನಿಗೆ ಗದರಲಿಕ್ಕೆ ಬಾಯಿ ಬರಲಿಲ್ಲ. ಅಪ್ಪ ಈ ಅಳತೆಯನ್ನು ನಿನಗೊಬ್ಬನಿಗೇ ಹೇಳಿಕೊಟ್ಟನಲ್ಲೋ ಅಂತ ಕೇಳಿದನಂತೆ.

ತಿಪ್ಪೇಶಿ ತಲೆ ತಗ್ಗಿಸಿ, ಅಪ್ಪ ಅಂದದ್ದು ಬೇರೆ ಅಣ್ಣ, ಭರಮನ ಕೈ ಬಿದ್ದರೆ ಕಲ್ಲು ಹೇಳಿದ ಮಾತು ಕೇಳ್ತದೆ, ತಿಪ್ಪೇಶಿ, ನಿನ್ನ ಕೈಗೆ ಕೇಳೋದಿಲ್ಲ, ಅದಕ್ಕೇ ನೀನು ಅಳೆಯದೆ ಒಂದು ಕಲ್ಲೂ ಇಡಬೇಡ ಅಂತ. ನಿನಗೆ ಹೇಳೋಣ ಅಂದರೆ ನೀನು ಬಾಯಿ ತೆರೆಯೋಕೆ ಬಿಟ್ಟರೆ ತಾನೆ? ಅಂದನಂತೆ.

ಭರಮಣ್ಣ ಕೋಟೆಗೋಡೆಗೆ ಮುಖ ಮಾಡಿ ಬಹಳ ಹೊತ್ತು ಅತ್ತನಂತೆ. ಅತ್ತು ಮುಖ ಒರೆಸಿಕೊಳ್ಳುವಾಗ ಕಣ್ಣು ಗೋಡೆಯುದ್ದಕ್ಕೂ ಹರಿಯಿತಂತೆ. ಆರು ಮೊಳಕ್ಕೆ ಎಂಟರ ಹಾಗೆ ನಲವತ್ತೆಂಟು ಮೊಳ ಬೇಕು. ಎದುರಿಗೆ ಹೋದರೆ ಕಂದಕ ಸರಿ, ಗೋಡೆಗೆ ಒತ್ತಿಕೊಂಡು ಪಕ್ಕಕ್ಕೆ ಹೋದರೆ ಯಾರು ಬೇಡ ಅಂತಾರೆ? ಅಲ್ಲಿ ಅರವತ್ತು ಮೊಳ ಜಾಗ ಇದೆ! ಅಂದನಂತೆ. ಅಯ್ಯೋ, ನನಗೆ ಇದು ಹೊಳೆದೇ ಇರಲಿಲ್ಲ ಅಣ್ಣ ಅಂತ ತಿಪ್ಪೇಶಿ ಬಾಯಿ ಬಿಟ್ಟುಕೊಂಡು ನಿಂತನಂತೆ.

ಆಮೇಲೆ ಭರಮಣ್ಣ ದೊರೆಯ ಹತ್ತಿರ ಹೋಗಿ, ಮೂರು ಕಡೆ ಅಳೆದೆ ಬುದ್ಧೀ, ಮೋಸ ಇಲ್ಲ, ಮೇಸ್ತ್ರಿ ಅವನೇ, ನನ್ನದನ್ನು ಕೆಡವಿ ಕಟ್ಟಲಿಕ್ಕೆ ಒಂದು ತಿಂಗಳು ಕೊಡಿ ಅಂದನಂತೆ. ಕಟ್ಟಿದ. ಕಲ್ಲಿಗೂ ಕಲ್ಲಿಗೂ ನಡುವೆ ಹುಲ್ಲುಕಡ್ಡಿ ತೂರದ ಹಾಗೆ ಕಟ್ಟಿದ. ಸಿರಿಯವ್ವ ಒಂದು ಸಲವೂ ನಿಲ್ಲದೆ ಹತ್ತಿದಳಂತೆ.

ಅಲ್ಲಿಂದ ಮುಂದೆ ತಮ್ಮ ಅಳೆಯುವುದು, ಅಣ್ಣ ಕಟ್ಟುವುದು. ಹೊಟ್ಟೆಕಿಚ್ಚು ಪೂರ್ತಿ ಹೋಯಿತೇ ಅಂದರೆ, ಇಲ್ಲವಂತೆ. ಯಾರಾದರೂ ತಮ್ಮನನ್ನು ಮೇಸ್ತ್ರೀ ಅಂತ ಕೂಗಿದರೆ ಒಂದು ಗಳಿಗೆ ಚುಚ್ಚುತ್ತಿತ್ತಂತೆ. ಆದರೂ ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರಂತೆ. ಅವರು ಉಂಡರು, ಆನೆ ಮಿಂದಳು, ಇಲ್ಲಿಗೆ ಕತೆ ಮುಗೀತು. ಕಾಲು ಒಳಗೆ ಎಳ್ಕೊ, ಹೊದಿಸ್ತೀನಿ.