ಸೀತಾಫಲದ ಗುಡ್ಡ ಸುಟ್ಟಾಗ

"ಗುರುಗಳೇ, ನಮಗೆ ನಷ್ಟ ಮಾಡಿದವರನ್ನು ಕ್ಷಮಿಸಿಬಿಡುವುದು ದೊಡ್ಡದೋ, ಅವರ ಮೇಲೆ ದೂರು ಕೊಟ್ಟು ಪರಿಹಾರ ಕೇಳುವುದು ದೊಡ್ಡದೋ?" ಎಂದು ಶಿಷ್ಯ ಕೇಳಿದ. ಉತ್ತರ ತನಗೆ ಆಗಲೇ ಗೊತ್ತಿದೆ ಎಂಬಂತೆ ಅವನ ಮುಖದಲ್ಲಿ ನಗುವಿತ್ತು.

ಗುರುಗಳೂ ನಕ್ಕರು. "ಕೂತುಕೋ" ಎಂದು ಕತೆ ಹೇಳಿದರು.

ಒಂದು ಊರಿನ ಕಲ್ಲುಗುಡ್ಡದ ಮೇಲೆ ಕೆಂಚಕ್ಕ ಎಂಬ ತೋಟಗಿತ್ತಿ ಸೀತಾಫಲ ಬೆಳೆಸಿದ್ದಳು. ಗಂಡ ತೀರಿಕೊಂಡ ಮೇಲೆ ಆ ಗಿಡಗಳೇ ಅವಳಿಗೆ ದಿಕ್ಕು. ಅವಳೊಬ್ಬಳಿಗೇ ಅಲ್ಲ, ಹಣ್ಣಿನ ಕಾಲ ಬಂದರೆ ಗುಡ್ಡದ ಕೆಳಗಿನ ಮನೆಗಳವರೆಲ್ಲ ಅವಳ ಜೊತೆ ಬುಟ್ಟಿ ಹೊತ್ತು ಮೇಲೆ ಹತ್ತುತ್ತಿದ್ದರು. ಕಿತ್ತು ತಂದದ್ದರಲ್ಲಿ ಅವರಿಗೂ ಪಾಲಿತ್ತು.

ಒಂದು ಬೇಸಿಗೆಯಲ್ಲಿ ಕಾಡಿನ ಕಡೆಯಿಂದ ಬೆಂಕಿ ಬಂತು. ಊರವರು ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದರು. ಮನೆಗಳು ಉಳಿದವು. ತೋಟ ಉಳಿಯಲಿಲ್ಲ.

ನೆಲ ತಣ್ಣಗಾದ ಮೇಲೆ ಕೆಂಚಕ್ಕ ಬೆಂಕಿ ಬಂದ ದಾರಿಯನ್ನೇ ಹಿಡಿದು ಕಾಡಿನೊಳಗೆ ಹೋದಳು. ಕರಕಲು ಶುರುವಾದ ಜಾಗದಲ್ಲಿ ಕಲ್ಲು ಹೂಡಿದ ಒಲೆ ಇತ್ತು. ಪಕ್ಕದಲ್ಲಿ ಗಾಡಿಗಳ ಜಾಡು. ಆ ದಾರಿಯಲ್ಲಿ ಗಾಡಿಗಳನ್ನು ಸಾಲಾಗಿ ಹೊಡೆಸುತ್ತಿದ್ದವನು ಪೇಟೆಯ ಒಬ್ಬ ವರ್ತಕ ಮಾತ್ರ.

ವರ್ತಕ ಕೆಟ್ಟವನಲ್ಲ. ಸುದ್ದಿ ಕೇಳಿದವನೇ ಗಾಡಿ ತುಂಬ ಅಕ್ಕಿ, ಬೆಲ್ಲ, ಬಟ್ಟೆ ಹೇರಿಸಿಕೊಂಡು ಊರಿಗೆ ಬಂದ. "ದೈವ ಮುನಿಯಿತು. ನನ್ನ ಕೈಲಾದಷ್ಟು ದಾನ ತಂದಿದ್ದೇನೆ" ಎಂದ. ಊರವರು ಕೈಮುಗಿದರು. ಕೆಂಚಕ್ಕ ಮುಂದೆ ಬಂದಳು.

"ಯಜಮಾನರೇ, ದಾನ ಬೇಡ. ತೋಟ ಸುಟ್ಟಿದ್ದಕ್ಕೆ ಪರಿಹಾರ ಕೊಡಿ."

"ಎರಡೂ ಒಂದೇ ಅಲ್ಲವೇನಮ್ಮಾ? ಹೇಗೆ ಕೊಟ್ಟರೂ ಅಕ್ಕಿ ಅಕ್ಕಿಯೇ."

"ಒಂದೇ ಆದರೆ ಪರಿಹಾರ ಎಂದೇ ಹೇಳಿ ಕೊಡಿ. ಈಗಲೇ ಇಳಿಸಿಕೊಳ್ಳುತ್ತೇನೆ."

ವರ್ತಕನ ಬಾಯಿಂದ ಆ ಮಾತು ಹೊರಡಲಿಲ್ಲ. ಅವನು ಗಾಡಿಯನ್ನು ತಿರುಗಿಸಿಕೊಂಡು ಹೋದ.

ಊರವರಿಗೆ ಸಿಟ್ಟು ಬಂತು. ಬಾಗಿಲಿಗೆ ಬಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದಳು ಎಂದು ಬೈದರು. ಕೆಂಚಕ್ಕನ ಮನೆಯಲ್ಲೂ ಒಲೆ ಹಚ್ಚಲು ಏನೂ ಇರಲಿಲ್ಲ. ತಾನು ಜಂಬಕ್ಕೆ ಬಿದ್ದೆನೋ ಎಂದು ಅವಳಿಗೇ ಅನುಮಾನ ಹುಟ್ಟಿತು. ಆದರೂ ಸೆರಗು ಬಿಗಿದು ಪಟ್ಟಣದ ನ್ಯಾಯಸ್ಥಾನಕ್ಕೆ ನಡೆದು ದೂರು ಕೊಟ್ಟಳು.

ವಿಚಾರಣೆಯ ದಿನ ವರ್ತಕ ಬಂದ. "ಬೇಸಿಗೆಯಲ್ಲಿ ಕಾಡು ತಾನಾಗಿಯೇ ಹತ್ತಿಕೊಳ್ಳುತ್ತದೆ. ನನ್ನ ಗಾಡಿಯವರೇ ಹಚ್ಚಿದ್ದೆಂದು ಕಂಡವರು ಯಾರು?" ಎಂದ. ಕೆಂಚಕ್ಕ ತಾನು ನೋಡಿದ ಒಲೆಯ ವಿಷಯ, ಜಾಡಿನ ವಿಷಯ ಹೇಳಿದಳು. ನ್ಯಾಯಾಧಿಕಾರಿ ಗಡ್ಡ ಕೆರೆದುಕೊಂಡ. ಒಲೆ ಕಂಡಿದೆ, ಹಚ್ಚಿದವರು ಕಂಡಿಲ್ಲ. ಇನ್ನೇನಾದರೂ ಹೇಳುವುದಿದೆಯೇ ಎಂದು ಅವಳನ್ನೇ ಕೇಳಿದ.

ಕೆಂಚಕ್ಕ ವರ್ತಕನ ಕಡೆ ತಿರುಗಿದಳು. ಸೋತರೆ ಊರಿಗೆ ಮುಖ ತೋರಿಸುವುದು ಹೇಗೆ ಎಂಬ ಭಯವಿತ್ತು. "ಯಜಮಾನರೇ, ಅವತ್ತು ಗಾಡಿಯ ಜೊತೆ ನೀವಿದ್ದಿರಾ?" ಎಂದಷ್ಟೇ ಕೇಳಿದಳು.

ವರ್ತಕ ಶಲ್ಯದಿಂದ ಮುಖ ಒರೆಸಿಕೊಂಡ. ಒರೆಸಿದ ಮುಖವನ್ನೇ ಮತ್ತೆ ಒರೆಸಿಕೊಂಡ. ಆಮೇಲೆ ಹೇಳಿದ: "ಇದ್ದೆ. ಒಲೆ ಆರಿಸಲು ಬಿಡದೆ ಹೊರಡಿಸಿದವನು ನಾನೇ. ಹೊತ್ತಾಯಿತು, ಎತ್ತು ಕಟ್ಟಿ ಎಂದೆ. ತಿರುಗಿ ನೋಡಿದರೆ ಹೊಗೆ ಎದ್ದಿತ್ತು. ಹೆದರಿ ಗಾಡಿ ಓಡಿಸಿಕೊಂಡು ಹೋದೆ. ಅಂದಿನಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ, ತಾಯಿ."

ನ್ಯಾಯಾಧಿಕಾರಿ ತೀರ್ಪು ಹೇಳಿದ. ತೋಟ ಮತ್ತೆ ಹಣ್ಣು ಬಿಡುವವರೆಗೂ ಕೆಂಚಕ್ಕನ ಮನೆಯನ್ನು, ಹಣ್ಣನ್ನು ನಂಬಿದ್ದ ಮನೆಗಳನ್ನು ವರ್ತಕ ನಡೆಸಬೇಕು. ಪ್ರತಿ ಬೇಸಿಗೆಗೆ ಮುಂಚೆ ಗುಡ್ಡದ ಸುತ್ತ ಒಣಹುಲ್ಲು ಕೆತ್ತಿಸಿ, ಬೆಂಕಿ ದಾಟದ ಹಾಗೆ ಬಯಲು ಬಿಡಿಸಬೇಕು.

ವರ್ತಕ ಆಳುಗಳನ್ನು ಕಳಿಸಬಹುದಿತ್ತು. ತಾನೇ ಬಂದ. ಊರ ನಡುವೆ ನಿಂತು, "ಇದು ಪರಿಹಾರ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಅಕ್ಕಿ ಇಳಿಸಿದ. ಮೊದಲ ಮೂಟೆಗೆ ಕೆಂಚಕ್ಕನೇ ಕೈ ಹಚ್ಚಿದಳು. ಬೈದಿದ್ದವರೆಲ್ಲ ಉಳಿದ ಮೂಟೆಗಳಿಗೆ ಹೆಗಲು ಕೊಟ್ಟರು.

ಮುಂದೆ ಹುಲ್ಲು ಒಣಗುವ ಕಾಲಕ್ಕೆ ಅವನು ಗುದ್ದಲಿಯನ್ನೂ ಹಿಡಿದ. ಎರಡು ಏಟು ಹಾಕುವಷ್ಟರಲ್ಲಿ ರುಮಾಲು ಉದುರಿ ಇಳಿಜಾರಿನಲ್ಲಿ ಉರುಳಿಕೊಂಡು ಹೋಯಿತು.

"ಅಣ್ಣಾ, ಹುಲ್ಲು ಕೆತ್ತಿ ಎಂದರೆ ಗುಡ್ಡವನ್ನೇ ಅಗೆಯುತ್ತಿದ್ದೀರಲ್ಲ!" ಎಂದಳು ಕೆಂಚಕ್ಕ.

"ಬಡ್ಡಿ ಸೇರಿಸಿ ಕೆಲಸ ಮಾಡುತ್ತಿದ್ದೇನಕ್ಕಾ" ಎಂದ ವರ್ತಕ.

ಗುಡ್ಡವೆಲ್ಲ ನಗು ತುಂಬಿತು. ಬೆಂಕಿ ಬಿದ್ದ ಮೇಲೆ ಕೆಂಚಕ್ಕ ಹೊಟ್ಟೆತುಂಬ ನಕ್ಕದ್ದು ಅದೇ ಮೊದಲು. ಮಳೆಗಾಲದಲ್ಲಿ ಸುಟ್ಟ ಬುಡಗಳಿಂದ ಒಡೆದಿದ್ದ ಚಿಗುರು ಆಗಲೇ ಮೊಣಕಾಲುದ್ದ ಬಂದಿತ್ತು. ಅಂದು ಅವಳು ಪಾಯಸ ಮಾಡಿದಳು. ವರ್ತಕ ಅವಳ ಮನೆಯ ಜಗಲಿಯಲ್ಲಿ ಗಾಡಿಯವರ ಸಾಲಿನಲ್ಲೇ ಕೂತು, ಎಲೆ ಬಳಿದು ಉಂಡ. ಅವನು ಹೊರಟಾಗ ಕೆಂಚಕ್ಕ, "ಹಣ್ಣು ಬಿಟ್ಟ ವರ್ಷ ಅತ್ತಿಗೆಯನ್ನೂ ಮಕ್ಕಳನ್ನೂ ಕರೆದುಕೊಂಡು ಬನ್ನಿ" ಎಂದಳು. ಆ ವರ್ಷ ಅವರೆಲ್ಲ ಬಂದರು. ಬುಟ್ಟಿ ಹೊತ್ತು ಗುಡ್ಡ ಹತ್ತಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಖುಷಿಯಾಗಿತ್ತು. "ನೋಡಿದಿರಾ ಗುರುಗಳೇ, ಕೊನೆಗೆ ಅವಳು ಕ್ಷಮಿಸಿಯೇಬಿಟ್ಟಳು! ಅದನ್ನೇ ಮೊದಲು ಮಾಡಿದ್ದರೆ ನ್ಯಾಯಸ್ಥಾನದ ಮೆಟ್ಟಿಲು ಹತ್ತುವ ಕಷ್ಟ ತಪ್ಪುತ್ತಿತ್ತಲ್ಲವೇ?" ಎಂದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: "ತಪ್ಪು ತನ್ನದೆಂದು ಯಾರೂ ಒಪ್ಪದಿದ್ದಾಗ, ಅವಳು ಯಾರನ್ನು ಕ್ಷಮಿಸಬೇಕಿತ್ತಪ್ಪಾ?"