ಲಂಗರಿಲ್ಲದ ಮನೆ

ನವೆಂಬರ್ ನಾಲ್ಕು. ತೆಳು ಮೋಡ, ಗಾಳಿ ಇಲ್ಲ.

ಮೀನುಗಾರ ಜಟ್ಟಿಯ ಸಂಸಾರವೆಲ್ಲ ದೋಣಿಯಲ್ಲೇ. ಅದನ್ನು ಹತ್ತಿದ ತೆರಿಗೆ ಸಾಹೇಬರು ಒಲೆ ನೋಡಿದರು.

“ಡೀಸೆಲ್ ತೆರಿಗೆ ಮಾಫಿ ಇರೋದು ದೋಣಿಗೆ. ಒಲೆ ಉಂಟು, ಹಾಸಿಗೆ ಉಂಟು, ಇದು ಮನೆ. ಪೂರ್ತಿ ತೆರಿಗೆ ಕಟ್ಟು.”

ಕಟ್ಟಿದರೆ ಮತ್ತೆ ಕಡಲಿಗಿಳಿಯಲು ಡೀಸೆಲ್ಲಿಗೆ ದುಡ್ಡು ಉಳಿಯದು. ರಾತ್ರಿಯೆಲ್ಲ ಬಲೆ ಎಳೆದು ಬಂದಿದ್ದ ಜಟ್ಟಿಗೆ ವಾದಿಸುವ ಶಕ್ತಿಯೂ ಇರಲಿಲ್ಲ.

“ಆಯ್ತು, ಮನೆಯೇ. ಚಾ ಕುಡೀರಿ,” ಎಂದು ಲೋಟ ಕೊಟ್ಟು, ಲಂಗರು ಎತ್ತಿದ. ಇಳಿತದ ನೀರು ದೋಣಿಯನ್ನು ಕಡಲಿನತ್ತ ಎಳೆಯಿತು.

“ಏ, ಎಲ್ಲಿಗೆ ಹೋಗ್ತಿದೆ ಇದು?”

“ಮನೆ ಎಲ್ಲಿಗೆ ಹೋಗ್ತದೆ ಸಾಹೇಬ್ರೆ? ಕೂತ್ಕೊಳ್ಳಿ.”

ಹೊಳೆ ಕಡಲು ಸೇರುವ ಅಳಿವೆಯ ಮೊದಲ ಅಲೆಗೆ ಚಾ ಸಾಹೇಬರ ಮಡಿಲಿಗೆ ಚೆಲ್ಲಿತು.

“ದೋಣಿ ಮಾರಾಯ, ಇದು ದೋಣಿ. ಇಂಜಿನ್ ಚಾಲೂ ಮಾಡು.”

ದಡ ಮುಟ್ಟಿದಾಗ ಜಟ್ಟಿ ಆಕಳಿಸುತ್ತ ಹೇಳಿದ, “ದೋಣಿ ಅಂದ್ಮೇಲೆ ಬಾಡಿಗೆ ಉಂಟಲ್ಲ.”

ಅವತ್ತು ಕಟ್ಟಿದವರು ಸಾಹೇಬರು. ಐದು ರೂಪಾಯಿ.